ಉಲುವಿಗೆ ನಿಲ್ಲುವ ಹಲ್ಲು

ಜನವರಿ 20, ಮಂಗಳವಾರ

ಇವತ್ತಿನಿಂದ ದಿನಚರಿ ಬರೆಯುತ್ತೇನೆ. ಕಳೆದ ವಾರ ರಾಯಚೂರಿನಲ್ಲಿ ನಡೆದ ಎರಡು ದಿನದ ಕಾರ್ಯಾಗಾರದಲ್ಲಿ ಮೇಡಂ ಒಬ್ಬರು ಹೇಳಿದರು: ಬೇರೆ ಕಡೆಯಿಂದ ಬಂದು ನೆಲೆಸಿದವರ ಬಾಯಿಗೆ ಕೈ ಹಾಕುವ ದಂತವೈದ್ಯನಿಗೆ ಅವರ ಆಚಾರ ವಿಚಾರಗಳ ಬಗ್ಗೆ ಸಂವೇದನೆ ಇರಬೇಕು, ಆ ಸಂವೇದನೆ ಬೆಳೆಯುತ್ತಿದೆಯೇ ಎಂದು ಬರೆದು ನೋಡಿಕೊಳ್ಳುತ್ತಿರಬೇಕು. ಉಳಿದ ದಂತವೈದ್ಯರೆಲ್ಲ ಆ ಹೊತ್ತಿಗೆ ಊಟದ ಸಾಲಿನಲ್ಲಿ ನಿಂತಿದ್ದರು. ನಾನು ಬರೆದುಕೊಂಡೆ.

ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಕ್ಲಿನಿಕ್ಕಿನ ಗೋಡೆಗೆ ತೂಗುಹಾಕಿದ್ದೇನೆ. 'ಡಾ. ಶಿವಕಾಂತ' ಎಂಬಲ್ಲಿ 'ಶ' ಸ್ವಲ್ಪ ವಾರೆಯಾಗಿದೆ, ದೂರಕ್ಕೆ ಕಾಣುವುದಿಲ್ಲ. ಪಕ್ಕದಲ್ಲಿ ನಾನೇ ತಯಾರಿಸಿದ ಪಟ್ಟಿ. ಸಿಂಧನೂರಿಗೆ ಭತ್ತವನ್ನು ನಂಬಿ ಬಂದವರು ಬಹಳ. ಕಾಲುವೆ ನೀರಿನ ಹಿಂದೆ ಬಂದ ಆಂಧ್ರದವರು, ನಿರಾಶ್ರಿತರ ಕ್ಯಾಂಪುಗಳಲ್ಲಿ ನೆಲೆಸಿದ ಬಂಗಾಳಿಗಳು, ಅಕ್ಕಿ ಗಿರಣಿಯಲ್ಲಿ ಚೀಲ ಹೊರುವ ಬಿಹಾರದವರು. ಒಬ್ಬೊಬ್ಬರಿಗೂ ಒಂದು ಬಣ್ಣ ಕೊಟ್ಟಿದ್ದೇನೆ. ಆಂಧ್ರದವರದು ಕೆಂಪು: ಖಾರ. ಬಿಹಾರದವರದು ಹಳದಿ: ಖೈನಿ ತಂಬಾಕು. ಬಂಗಾಳಿಗಳದು ಹಸಿರು: ಮೀನು, ಸಿಹಿ, ಎಲೆ ಅಡಿಕೆ, ಗೌರವದಿಂದ ಮಾತನಾಡಿಸುವುದು.

ದಾವಲ್‌ಬೀ ಪಟ್ಟಿಯನ್ನು ಪೂರ್ತಿ ಓದಿ, ಗೌರವ ಹಸಿರು ಬಣ್ಣದವರಿಗೆ ಮಾತ್ರವೋ ಎಂದು ಕೇಳಿದರು. ಉಳಿದ ಕಾಲಂಗಳಲ್ಲಿ ಜಾಗ ಸಾಲಲಿಲ್ಲ ಎಂದೆ. ದಾವಲ್‌ಬೀ ಇದೇ ಕ್ಲಿನಿಕ್ಕಿನಲ್ಲಿ ಹಿಂದಿನ ಡಾಕ್ಟರ ಕೈಕೆಳಗೆ ಇಪ್ಪತ್ತೆರಡು ವರ್ಷ ಇದ್ದವರು. ಡಾಕ್ಟರು ನಿವೃತ್ತರಾದಾಗ ಕ್ಲಿನಿಕ್ಕು, ಕುರ್ಚಿ ಮತ್ತು ದಾವಲ್‌ಬೀ ಮೂರೂ ನನ್ನ ಪಾಲಿಗೆ ಬಂದವು. ಎಂಟು ತಿಂಗಳಾಯಿತು. ಕುರ್ಚಿ ನನ್ನ ಮಾತು ಕೇಳುತ್ತದೆ.

ಜನವರಿ 23, ಶುಕ್ರವಾರ

ಸಂವೇದನೆಗೆ ಮೊದಲ ಅವಕಾಶ. ವಲಸಿಗ ರೋಗಿ, ಬಂಗಾಳಿ ಕ್ಯಾಂಪಿನ ಹೆಂಗಸು, ವಯಸ್ಸು ಅರವತ್ತೆಂಟು, ಹೆಸರು ನೀರುಬಾಲಾ ಮಂಡಲ್. ಕೈಯಲ್ಲಿ ಬಿಳಿ ಶಂಖದ ಬಳೆ, ಕೊರಳಲ್ಲಿ ತುಳಸಿ ಮಣಿ, ಕೆನ್ನೆ ನೋಡಿದರೇ ಗೊತ್ತಾಗುತ್ತದೆ, ಬಾಯಲ್ಲಿ ಒಂದೂ ಹಲ್ಲಿಲ್ಲ. ಮೊಮ್ಮಗಳ ಮದುವೆ ಮಾರ್ಚ್ ಹನ್ನೊಂದಕ್ಕಿದೆ, ಅಷ್ಟರೊಳಗೆ ಹಲ್ಲಿನ ಸೆಟ್ಟು ಬೇಕು ಎಂದು ದಾವಲ್‌ಬೀಗೆ ಹೇಳಿದ್ದಾರೆ.

ನಾನು ಎದ್ದು ನಿಂತು, ಎರಡೂ ಕೈ ಜೋಡಿಸಿ "ನೊಮೊಷ್ಕಾರ್" ಎಂದೆ. ಮೂರು ದಿನದಿಂದ ಮೊಬೈಲಿನಲ್ಲಿ ಕಲಿತದ್ದು. ಅವರೂ ಕೈ ಜೋಡಿಸಿದರು. ಆಮೇಲೆ ಹಲ್ಲು ತೋರಿಸಿ ಎಂದು ಬಂಗಾಳಿಯಲ್ಲೇ ಹೇಳಿದೆ. ಅವರು ನನ್ನ ಮುಖ ನೋಡಿದರು, ದಾವಲ್‌ಬೀ ಮುಖ ನೋಡಿದರು. ಇನ್ನೊಮ್ಮೆ ನಿಧಾನವಾಗಿ, ಸ್ವಲ್ಪ ಜೋರಾಗಿ ಹೇಳಿದೆ. ತಲೆಯಾಡಿಸಿದರು, ನಾಳೆ ಎಂಬಂತೆ ಕೈ ಮಾಡಿದರು, ಎದ್ದು ಹೋದರು.

ಮೊದಲ ದಿನವೇ ಬಾಯಿ ತೆರೆಯುವುದಕ್ಕೆ ಅವರಲ್ಲಿ ಸಂಕೋಚ ಇರಬಹುದು. ಹಸಿರು ಕಾಲಂಗೆ ಸೇರಿಸಿದೆ.

ಜನವರಿ 24, ಶನಿವಾರ

ನೀರುಬಾಲಾ ಮಂಡಲ್ ಬಂದರು. ಜೊತೆಗೆ ಹರಿಪದ ಎಂಬ ಮುದುಕರು, ಬಿಳಿ ಅಂಗಿ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದರು. ಇವರು ಯಾರು ಎಂದು ಕೇಳಿದರೆ, ನಿನ್ನೆ ನೀವೇ ಕರೆದುಕೊಂಡು ಬರಲು ಹೇಳಿದಿರಲ್ಲ ಎಂದರು.

ಹಲ್ಲಿಗೆ ಬಂಗಾಳಿಯಲ್ಲಿ 'ದಾಂತ್' ಅನ್ನಬೇಕಾಗಿತ್ತು. ನಾನು 'ದಾದಾ' ಎಂದಿದ್ದೆ. ದಾದಾ ಎಂದರೆ ಅಣ್ಣ. ನಿನ್ನ ಅಣ್ಣನನ್ನು ತೋರಿಸು ಎಂದು ಎರಡು ಸಲ, ಎರಡನೆಯ ಸಲ ಗದರಿದಂತೆ, ಹೇಳಿದ್ದೆ. ಮನೆತನದ ಹಲ್ಲು ಹೇಗಿದೆ ಎಂದು ನೋಡುತ್ತಾರೇನೋ ಅಂದುಕೊಂಡು ಅವರು ಹತ್ತು ಕಿಲೋಮೀಟರ್ ದೂರದ ಕ್ಯಾಂಪಿನಿಂದ ಅಣ್ಣನನ್ನು ಕರೆತಂದಿದ್ದರು. ಇದನ್ನೆಲ್ಲ ಅವರು ವಿವರಿಸಿದ್ದು ಅಪ್ಪಟ ಸಿಂಧನೂರು ಕನ್ನಡದಲ್ಲಿ.

ಕನ್ನಡ ಬರುತ್ತದೆಂದು ನಿನ್ನೆಯೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೀವು ಅಷ್ಟು ಪ್ರೀತಿಲೆ ಮಾತಾಡಾಕತ್ತಿದ್ರಿ ಡಾಕ್ಟರ್‌ಬಾಬು. ನಡುವ ಬಾಯಿ ಹಾಕಬಾರ್ದಂತ ಸುಮ್ನಿದ್ದೆ" ಎಂದರು.

ಹರಿಪದ ಅವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಕುರ್ಚಿಯಲ್ಲಿ ಕೂರಿಸಿ ನೋಡಿದೆ. ಎಪ್ಪತ್ತಾರನೆಯ ವಯಸ್ಸಿಗೆ ಮೂವತ್ತೆರಡೂ ಹಲ್ಲು ಗಟ್ಟಿ ಇವೆ. ಹಾಗೆಂದು ಹೇಳಿದಾಗ ಸ್ವಲ್ಪ ನಿರಾಶರಾದರು.

ಜನವರಿ 27, ಮಂಗಳವಾರ

ನೀರುಬಾಲಾ ಅವರ ಮೇಲಿನ ಮತ್ತು ಕೆಳಗಿನ ವಸಡಿನ ಅಚ್ಚು ತೆಗೆದೆ. ಅಚ್ಚಿನ ಹಿಟ್ಟು ಗಟ್ಟಿಯಾಗುವವರೆಗೆ ರೋಗಿ ಮಾತನಾಡುವಂತಿಲ್ಲ. ಆ ಹೊತ್ತನ್ನು ವ್ಯರ್ಥ ಮಾಡದೆ, ಹೊಸ ಸೆಟ್ಟಿನಲ್ಲಿ ಮೀನು ತಿನ್ನುವುದು ಹೇಗೆ, ಮುಳ್ಳು ಎಲ್ಲಿ ಸಿಕ್ಕಿಕೊಳ್ಳಬಹುದು, ಯಾವ ಮೀನು ಮೊದಲು ಯಾವುದು ಆಮೇಲೆ ಎಂದು ಆರು ನಿಮಿಷ ತಿಳಿಹೇಳಿದೆ. ಮೀನಿನ ಹೆಸರುಗಳನ್ನು ಹಿಂದಿನ ದಿನ ಬಾಯಿಪಾಠ ಮಾಡಿದ್ದೆ. ಲಿಂಗಸುಗೂರಿನ ನಮ್ಮ ಮನೆಯಲ್ಲಿ ಇದನ್ನು ಕೇಳಿದ್ದರೆ ಅವ್ವ ಮನೆ ತೊಳೆಸುತ್ತಿದ್ದಳು.

ಅಚ್ಚು ಹೊರಗೆ ತೆಗೆದಾಗ ಅವರು ಬಾಯಿ ಮುಕ್ಕಳಿಸಿ ಹೇಳಿದರು: "ನಾ ದೀಕ್ಷಾ ತಗೊಂಡು ಮೂವತ್ತು ವರ್ಸಾತ್ರಿ. ಮೀನು ಬಿಡ್ರಿ, ಉಳ್ಳಾಗಡ್ಡಿನೂ ಮುಟ್ಟಂಗಿಲ್ಲ."

ನಮ್ಮದೂ ಶರಣರ ಮನೆ, ನಾವೂ ಮೀನು ಮಾಂಸ ತಿನ್ನುವುದಿಲ್ಲ ಎಂದೆ. ಉಳ್ಳಾಗಡ್ಡಿ ತಿನ್ನುತ್ತೀರೇನು ಎಂದು ಕೇಳಿದರು. ಹೂಂ ಎಂದೆ. ಪಾಪ ಎನ್ನುವಂತೆ ನೋಡಿದರು.

ಹಸಿರು ಕಾಲಂನಲ್ಲಿ 'ಮೀನು' ಹೊಡೆದುಹಾಕಿದೆ. 'ಸಂಕೋಚ' ಮೊನ್ನೆಯೇ ಹೊಡೆದುಹಾಕಿದ್ದಾಗಿದೆ.

ಫೆಬ್ರವರಿ 6, ಶುಕ್ರವಾರ

ಲಿಂಗಸುಗೂರಿನಿಂದ ಸೆಟ್ಟು ಬಂತು. ನನ್ನ ಅಚ್ಚುಗಳಿಂದ ಹಲ್ಲು ಮಾಡಿಕೊಡುವವರು ಅಲ್ಲಿಯ ಪೀರ್‌ಸಾಬ್. ಒಳ್ಳೆಯ ಕೈ. ಹಾಕಿದೆ, ಕೂತುಕೊಂಡಿತು. ನೀರುಬಾಲಾ ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಂಡರು. ಬಿಸ್ಕತ್ತು ತಿಂದರು. ಒಂದರಿಂದ ಇಪ್ಪತ್ತರವರೆಗೆ ಎಣಿಸಿದರು. ಎಲ್ಲವೂ ಪುಸ್ತಕದಲ್ಲಿದ್ದಂತೆ. ನಾನು ಕೈಗವಸು ಬಿಚ್ಚಿದೆ.

ಆಗ ಅವರು ಇನ್ನೊಂದು ನೋಡುವುದಿದೆ ಎಂದು ನೆಟ್ಟಗೆ ಕೂತರು. ಉಸಿರು ಎಳೆದುಕೊಂಡು, ತುಟಿ ಗುಂಡಗೆ ಮಾಡಿ, ನಾಲಿಗೆಯನ್ನು ಬಾಯಿಯ ಆ ತುದಿಯಿಂದ ಈ ತುದಿಗೆ ಕಣ್ಣಿಗೆ ಕಾಣದ ಹಾಗೆ ಆಡಿಸಿ, ಎತ್ತರದ ದನಿಯಲ್ಲಿ ಕೂಗಲು ಶುರು ಮಾಡಿದರು. ಮೊದಲ ಒಂದು ಸೆಕೆಂಡು ಕ್ಲಿನಿಕ್ಕಿನ ಗಾಜುಗಳು ನಡುಗಿದವು. ಎರಡನೆಯ ಸೆಕೆಂಡಿಗೆ ಕೆಳಗಿನ ಸೆಟ್ಟು ಬಾಯಿಂದ ಹೊರಟು, ತೆರೆದ ಬಾಗಿಲಿನ ಮೂಲಕ ಹೊರಕೋಣೆಗೆ ಹೋಯಿತು.

ಅಲ್ಲಿ ಅಮರಗುಂಡಪ್ಪನವರು ಪತ್ರಿಕೆ ಓದುತ್ತ ಕೂತಿದ್ದರು. ಅವರು ಅಕ್ಕಿ ಗಿರಣಿಯ ಮಾಲಕರು, ಈ ಕಟ್ಟಡವೂ ಅವರದೇ. ಸೆಟ್ಟು ಅವರ ಧೋತರದ ಮಡಿಲಿಗೆ ಬಿತ್ತು. ಅವರು ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಪತ್ರಿಕೆಯ ಮೇಲೆ ಎತ್ತಿಟ್ಟುಕೊಂಡು ಒಳಗೆ ಬಂದು, "ಡಾಕ್ಟ್ರ, ಇದು ನಂದಲ್ರಿ" ಎಂದರು.

ಅದಕ್ಕೆ ಉಲು ಎನ್ನುತ್ತಾರಂತೆ. ಬಂಗಾಳಿಗಳ ಮದುವೆಯಲ್ಲಿ, ಪೂಜೆಯಲ್ಲಿ, ಮಗು ಹುಟ್ಟಿದಾಗ ಹೆಂಗಸರು ಹಾಕುವ ಮಂಗಳದ ಕೂಗು. ನಾನು ಶಾಂತವಾಗಿ ಹೇಳಿದೆ: ಕಟ್ಟಿಸಿದ ಹಲ್ಲಿಗೆ ಮೂರು ಕೆಲಸ, ಅಗಿಯುವುದು, ಮಾತು, ಚಂದ. ನಾಲ್ಕನೆಯದು ಯಾವ ಪುಸ್ತಕದಲ್ಲೂ ಇಲ್ಲ. ಉಲು ಹಾಕುವಾಗ ತೆಗೆದಿಡಿ, ಫೋಟೋ ತೆಗೆಯುವಾಗ ಹಾಕಿಕೊಳ್ಳಿ.

ನೀರುಬಾಲಾ ಎರಡೂ ಸೆಟ್ಟು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಹೋದರು.

ಸಂವೇದನೆಯಿಂದಲೇ ಹೇಳಿದೆ.

ಫೆಬ್ರವರಿ 7, ಶನಿವಾರ

ದಾವಲ್‌ಬೀ ಕೈಯಿಂದ ಚಹಾ ಬಂತು. ಸಕ್ಕರೆ ಇರಲಿಲ್ಲ.

ಫೆಬ್ರವರಿ 9, ಸೋಮವಾರ

ಇವತ್ತೂ ಸಕ್ಕರೆ ಇಲ್ಲ. ನಾನೇ ನೀರುಬಾಲಾ ಅವರಿಗೆ ಫೋನ್ ಮಾಡಿಸಿ ಕರೆಸಿದೆ. ಸೆಟ್ಟು ಹಿಡಿದುಕೊಳ್ಳಲು ಒಂದು ಬಗೆಯ ಅಂಟು ಸಿಗುತ್ತದೆ. ಬಟಾಣಿ ಕಾಳಿನಷ್ಟು ಹಚ್ಚಬೇಕು ಎಂದು ಟ್ಯೂಬಿನ ಮೇಲೆ ಬರೆದಿದೆ. ಉಲು ದೊಡ್ಡ ಕೆಲಸವಾದ್ದರಿಂದ ನಾನು ಸ್ವಲ್ಪ ಜಾಸ್ತಿ ಹಚ್ಚಿದೆ.

ಸೆಟ್ಟು ನಿಂತಿತು. ನಾಲಿಗೆಯೂ ನಿಂತಿತು, ತುಟಿಯೂ ನಿಂತಿತು. ಉಲು ಹಾಕಿ ಎಂದರೆ ಕರುವಿನ ದನಿ ಬಂತು. ಬಿಸಿ ಉಪ್ಪುನೀರು ಹಾಕಿ ಹಾಕಿ ಬಿಡಿಸಲು ನನಗೂ ದಾವಲ್‌ಬೀಗೂ ಅರ್ಧ ಗಂಟೆ ಹಿಡಿಯಿತು. ನಡುವೆ ಅಮರಗುಂಡಪ್ಪನವರು ತಮ್ಮ ದವಡೆ ಹಲ್ಲು ತೋರಿಸಲೆಂದು ಬಂದರು. ನಾವಿಬ್ಬರು ಒಬ್ಬ ಮುದುಕಿಯ ಬಾಯಿಯನ್ನು ಎರಡು ಕಡೆಯಿಂದ ಎಳೆಯುವುದನ್ನು ಕಂಡು, ನೋವು ಕಡಿಮೆಯಾಗಿದೆ ಎಂದು ಹೋದರು.

ನೀರುಬಾಲಾ ಬೈಯಬಹುದು ಎಂದುಕೊಂಡಿದ್ದೆ. ಅವರು ಅಂಟಿದ ಬಾಯಲ್ಲೇ ಮೂಗಿನಿಂದ ನಗುತ್ತಿದ್ದರು. ದಾವಲ್‌ಬೀಯೂ ನಕ್ಕರು. ಸಂಜೆಯ ಚಹಾದಲ್ಲಿ ಸಕ್ಕರೆ ಇತ್ತು.

ಫೆಬ್ರವರಿ 12, ಗುರುವಾರ

ಪ್ರತಿ ಗುರುವಾರ ಮಸ್ಕಿಯ ಒಂದು ಕ್ಲಿನಿಕ್ಕಿನಲ್ಲಿ ಅರ್ಧ ದಿನ ಕೂರುತ್ತೇನೆ. ಉಲು ಹಾಕುವಾಗ ನಾಲಿಗೆ ಎಲ್ಲೆಲ್ಲಿ ತಾಗುತ್ತದೆ ಎಂದು ತಿಳಿಯದೆ ಸೆಟ್ಟು ಸರಿ ಮಾಡಲಾಗದು. ತಿಳಿಯಬೇಕಾದರೆ ಮಾಡಿ ನೋಡಬೇಕು. ಬಸ್ಸಿನ ಹಿಂದಿನ ಸೀಟಿನಲ್ಲಿ ಟವೆಲ್ಲನ್ನು ಮುಖದ ಮೇಲೆ ಹಾಕಿಕೊಂಡು ಮೆಲ್ಲಗೆ ಪ್ರಯತ್ನಿಸಿದೆ. ಕಂಡಕ್ಟರ್ ಬಂದು ಪ್ಲಾಸ್ಟಿಕ್ ಚೀಲ ಕೊಟ್ಟ. ಪಕ್ಕದ ಹೆಂಗಸು ನಿಂಬೆಹಣ್ಣು ಕೊಟ್ಟು, ಮೂಸಿ ನೋಡ್ರಿ, ಕಿಟಕಿ ಕಡೆ ಕೂತುಕೊಳ್ರಿ ಎಂದು ಜಾಗ ಬಿಟ್ಟುಕೊಟ್ಟಳು.

ಮಸ್ಕಿಯಲ್ಲಿ ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ಮಾಡಿದೆ. ನಾಲಿಗೆ ಮೇಲೆ ಕೆಳಗೆ ಅಲ್ಲ, ಅಡ್ಡ ಹೋಗುತ್ತದೆ. ಪ್ರತಿ ಸಲವೂ ಕೆಳಗಿನ ಸೆಟ್ಟಿನ ಒಳಬದಿಗೆ ಹೊಡೆಯುತ್ತದೆ. ಇದನ್ನು ಬರೆದಿಡಲು ಕಾಗದ ಬೇಕಾಯಿತು. ಚೀಲದಲ್ಲಿ ನನ್ನ ಬಣ್ಣದ ಪಟ್ಟಿ ಇತ್ತು, ತಿದ್ದಿ ಮತ್ತೆ ಬರೆಯಲೆಂದು ತಂದಿದ್ದೆ. ಅದರ ಹಿಂಬದಿ ಖಾಲಿ ಇತ್ತು, ಅಲ್ಲೇ ನಾಲಿಗೆಯ ಚಿತ್ರ ಬರೆದೆ.

ಹೊರಗೆ ಕಾದಿದ್ದ ರೋಗಿ ಸಿಂಧನೂರಿಗೆ ಫೋನ್ ಮಾಡಿ, ಡಾಕ್ಟರಿಗೇ ಹಲ್ಲುನೋವು ಜೋರಾದಂತಿದೆ, ಯಾರನ್ನಾದರೂ ಕಳಿಸಿ ಎಂದು ದಾವಲ್‌ಬೀಗೆ ಹೇಳಿದನಂತೆ.

ಫೆಬ್ರವರಿ 15, ಭಾನುವಾರ, ಲಿಂಗಸುಗೂರು

ಶಿವರಾತ್ರಿ. ಅವ್ವ ವೀರಭದ್ರಮ್ಮ ಬೆಳಗಿನಿಂದ ಉಪವಾಸ. ಪಡಸಾಲೆಯಲ್ಲಿ ಓಣಿಯ ಹೆಂಗಸರು ಭಜನೆಗೆ ಕೂತಿದ್ದರು. ನಾನು ಬಚ್ಚಲಿನಲ್ಲಿ ನೀರು ಬಿಟ್ಟುಕೊಂಡು ಉಲು ಅಭ್ಯಾಸ ಮಾಡಿದೆ. ನೀರು ಯಾವಾಗ ನಿಂತಿತೋ ಗಮನಿಸಲಿಲ್ಲ.

ಹೊರಗೆ ಬಂದಾಗ ಭಜನೆ ನಿಂತಿತ್ತು. ಅವ್ವ ನನ್ನ ಹಣೆಯ ತುಂಬ ವಿಭೂತಿ ಹಚ್ಚಿ, ಯಾವತ್ತಿನಿಂದ ಹೀಗೆ ಎಂದು ಕೇಳಿದಳು. ಒಬ್ಬಾಕೆ ತನಗೆ ಗೊತ್ತಿರುವ ಸ್ವಾಮಿಗಳ ವಿಳಾಸ ಹೇಳತೊಡಗಿದಳು. ಎಲ್ಲರ ಮುಂದೆ ಕೂತು ನೀರುಬಾಲಾ ಅವರ ವಿಷಯ ಮೊದಲಿಂದ ಹೇಳಬೇಕಾಯಿತು. ಅವ್ವ ಪೂರ್ತಿ ಕೇಳಿದಳು.

"ಆಕಿಗಿ ಅದು ಯಾಕ ಅಷ್ಟು ಬೇಕಾಗೇತಿ ಅಂತ ಕೇಳಿಯೇನು?" ಎಂದಳು.

ಕೇಳಿರಲಿಲ್ಲ. ಕಾರ್ಯಾಗಾರದಲ್ಲಿ ಅದನ್ನು ಹೇಳಿಕೊಟ್ಟಿದ್ದರೋ ಏನೋ, ನೆನಪಿಲ್ಲ.

ಮಧ್ಯಾಹ್ನ ಪೀರ್‌ಸಾಬ್ ಅವರ ಅಂಗಡಿಗೆ ಹೋಗಿ ನಾಲಿಗೆಯ ಚಿತ್ರ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, ಮೊದಲ ಅಚ್ಚನ್ನು ಕಪಾಟಿನಿಂದ ತೆಗೆದು ಪಕ್ಕದಲ್ಲಿಟ್ಟುಕೊಂಡರು. "ನೀವು ಬಾಯಿ ಸುಮ್ನ ಇದ್ದಾಗ ಅಚ್ಚು ತಗೊಂಡೀರಿ. ಆಕಿ ಬಾಯಿ ಸುಮ್ನ ಇರೂದಲ್ಲ. ಕುಣಿಯೂ ಮನಿಶಾಗ ಕುಂಡ್ರಿಸಿ ಅಂಗಿ ಅಳತಿ ತಗೊಂಡ್ರ ಹೆಂಗ್ರೀ?"

ನಾಲಿಗೆ ಆಡುತ್ತಿರುವಾಗಲೇ ಅಚ್ಚು ತೆಗೆಯುವ ಒಂದು ವಿಧಾನ ಇದೆ. ಕಾಲೇಜಿನಲ್ಲಿ ಓದಿದ್ದೇನೆ. ಪರೀಕ್ಷೆಗೆ ಬರುವುದಿಲ್ಲ ಎಂದು ಬಿಟ್ಟಿದ್ದೆ.

ಫೆಬ್ರವರಿ 17, ಮಂಗಳವಾರ

ನೀರುಬಾಲಾಮ್ಮ ಬಂದಿದ್ದರು. ಕುರ್ಚಿಯಲ್ಲಿ ಕೂರಿಸಲಿಲ್ಲ, ಹೊರಗಿನ ಬೆಂಚಿನ ಮೇಲೆ ಕೂತು ದಾವಲ್‌ಬೀ ಸೇರಿ ಮೂವರೂ ಚಹಾ ಕುಡಿದೆವು. ಯಾಕೆ ಬೇಕು ಎಂದು ಕೇಳಿದೆ. ಒಂದು ಗಂಟೆ ಆಯಿತು. ಇಬ್ಬರು ರೋಗಿಗಳು ಕಾದರು, ಆಮೇಲೆ ಅವರೂ ಕುರ್ಚಿ ಹತ್ತಿರ ಎಳೆದುಕೊಂಡು ಕೇಳಿದರು.

ಆಚೆಯ ಬಂಗಾಳದಿಂದ ಗಡಿ ದಾಟಿ ಬಂದಾಗ ಅವರಿಗೆ ಒಂಬತ್ತು ವರ್ಷ. ಸರ್ಕಾರದವರು ಮೊದಲು ಇಳಿಸಿದ್ದು ಮಧ್ಯಪ್ರದೇಶದ ಕಡೆಯ ಯಾವುದೋ ಡೇರೆಗಳ ಸಾಲಿನಲ್ಲಿ. ಒಂದೊಂದು ಡೇರೆಯಲ್ಲಿ ಒಂದೊಂದು ಊರಿನವರು, ಯಾರಿಗೂ ಯಾರ ಗುರುತಿಲ್ಲ. ಅಲ್ಲಿಯೇ ಅವರ ಚಿಕ್ಕಮ್ಮನ ಮದುವೆ ಆಯಿತು. ಡೋಲು ಇಲ್ಲ, ಪುರೋಹಿತ ಇಲ್ಲ, ಊದಬೇಕಾದ ಶಂಖ ದಾರಿಯಲ್ಲಿ ಒಡೆದಿತ್ತು. ಹುಡುಗಿಗೆ ಸೀರೆ ಉಡಿಸಿ ಕೂರಿಸಿದ್ದಾರೆ, ಯಾರ ಬಾಯಲ್ಲೂ ಮಾತಿಲ್ಲ. ಸತ್ತವರ ಮನೆಯ ಹಾಗಿತ್ತಂತೆ.

"ಆಗ ನಮ್ಮವ್ವ ಒಬ್ಬಾಕಿ ಉಲು ಸುರು ಮಾಡಿದ್ಲು. ಬಾಜೂ ಡೇರೆದಾಗಿನ ಹೆಂಗಸು ಕೇಳಿ ಆಕಿನೂ ಹಾಕಿದ್ಲು. ಆ ಡೇರೆಯಿಂದ ಈ ಡೇರೆಗೆ ಹೋತ್ರಿ. ಯಾರ ಮದುವಿ ಅಂತ ಯಾರಿಗೂ ಗೊತ್ತಿಲ್ಲ, ಎಲ್ಲಾರೂ ಹಾಕಿದ್ರು. ನಮ್ಮ ಕೂಡ ಬಂದಿದ್ದು ಬಾಯಿ ಒಂದ."

ಅವ್ವ ಹೋದ ಮೇಲೆ ಅದು ಇವರ ಪಾಲಿಗೆ ಬಂತು. ನಲವತ್ತು ವರ್ಷ ಕ್ಯಾಂಪುಗಳ ಯಾವ ಮದುವೆಯಲ್ಲೂ ಮೊದಲ ಉಲು ಇವರದೇ. ಎರಡು ವರ್ಷದ ಹಿಂದೆ ಕೊನೆಯ ಹಲ್ಲುಗಳು ಹೋದವು. ಹಲ್ಲಿಲ್ಲದೆ ಹಾಕಿದರೆ ಸೈಕಲ್ಲಿನ ಗಾಳಿ ಬಿಟ್ಟಂತೆ ಆಗುತ್ತದೆ, ದನಿ ಒಂದು ಕಡೆ ನಿಲ್ಲುವುದಿಲ್ಲ. ಕಳೆದ ವರ್ಷ ಒಂದು ಮದುವೆಯಲ್ಲಿ ಹುಡುಗರು ಮೊಬೈಲಿನಲ್ಲಿ ಉಲು ಹುಡುಕಿ ಸ್ಪೀಕರಿಗೆ ಹಚ್ಚಿದರಂತೆ. ಚೆನ್ನಾಗಿಯೇ ಇತ್ತು. ಹೂಮಾಲೆ ಹಾಕುವ ಹೊತ್ತಿಗೆ ನಡುವೆ ಬೋರ್‌ವೆಲ್ ಪಂಪಿನ ಜಾಹೀರಾತು ಬಂತು. ಮದುಮಗನಿಗೆ ಎರಡು ವರ್ಷ ಗ್ಯಾರಂಟಿ ಎಂದು ಇವತ್ತಿಗೂ ತಮಾಷೆ ಮಾಡುತ್ತಾರಂತೆ. ಮೊಮ್ಮಗಳು ಮಮತಾಳ ಮದುವೆಯಲ್ಲೂ ಹಾಗೆ ಆಗಬಾರದು.

ಹೊರಗಿನಿಂದ ಬಂದವರ ಕಷ್ಟ ನಮಗೆ ಇಲ್ಲಿಯವರಿಗೆ ಬೇಗ ತಿಳಿಯುವುದಿಲ್ಲ ಎಂದೆ. ಅವರು ಲೋಟ ಕೆಳಗಿಟ್ಟರು.

"ನೀವು ಸಿಂಧನೂರಿಗಿ ಬಂದು ಎಷ್ಟು ದಿನಾತ್ರಿ?"

ಒಂಬತ್ತು ತಿಂಗಳು ಎಂದೆ.

"ನಾ ಬಂದು ಐವತ್ತು ವರ್ಸದ ಮ್ಯಾಲಾತು. ಹಂಗಾದ್ರ ಇಬ್ರೊಳಗ ಹೊರಗಿನವ್ರು ಯಾರು?"

ಬೆಂಚಿನ ಮೇಲಿದ್ದ ರೋಗಿಗಳು ನಕ್ಕರು. ನಾನು ಲೆಕ್ಕ ಹಾಕಿ ನೋಡಿದೆ. ನಾನೇ.

ಫೆಬ್ರವರಿ 20, ಶುಕ್ರವಾರ

ರಂಜಾನ್ ಶುರುವಾಗಿದೆ. ದಾವಲ್‌ಬೀ ರೋಜಾ ಇರುತ್ತಾರೆ. ಅವರೆದುರು ನೀರು ಕುಡಿಯಬಾರದೆಂದು ಎಕ್ಸ್‌ರೇ ಕತ್ತಲೆ ಕೋಣೆಯಲ್ಲಿ ಕುಡಿಯುತ್ತಿದ್ದೆ. ಇವತ್ತು ಸ್ಟೂಲಿಗೆ ತಾಗಿ ಬಿದ್ದೆ.

"ಡಾಕ್ಟ್ರ, ನೀವು ನೀರು ಕುಡಿದ್ರ ನನ್ನ ರೋಜಾ ಮುರಿಯಂಗಿಲ್ಲ. ನಿಮ್ಮ ಕಾಲು ಮುರಿದ್ರ ನನಗ ತ್ರಾಸು" ಎಂದರು.

ಹೊರಗೆ ಬಂದು ಕುಡಿದೆ.

ಫೆಬ್ರವರಿ 24, ಮಂಗಳವಾರ

ಅಚ್ಚಿನ ದಿನ. ಮೆತ್ತನೆಯ ಹಿಟ್ಟನ್ನು ಕೆಳವಸಡಿನ ಮೇಲೆ ಕೂರಿಸಿ, ಅದು ಗಟ್ಟಿಯಾಗುವವರೆಗೆ, ಅಂದರೆ ಎಂಟು ನಿಮಿಷ, ಅವರು ಬಿಟ್ಟು ಬಿಟ್ಟು ಉಲು ಹಾಕುತ್ತಿರಬೇಕು. ನಾಲಿಗೆ ತನಗೆ ಬೇಕಾದ ಜಾಗವನ್ನು ತಾನೇ ಮಾಡಿಕೊಳ್ಳುತ್ತದೆ. ಉಳಿದ ಜಾಗದಲ್ಲಿ ಹಲ್ಲು ನಿಲ್ಲಬೇಕು.

ಹಿಟ್ಟು ಹಾಕಿದೆ. ಅವರು ಸುಮ್ಮನೆ ಕೂತರು. ಶುರು ಮಾಡಿ ಎಂದೆ. ಇಷ್ಟು ಹೊತ್ತು ಒಬ್ಬರೇ ಹಾಕಲು ಆಗುವುದಿಲ್ಲ, ಜೊತೆಗೆ ಯಾರಾದರೂ ಬೇಕು ಎಂದು ಕೈಸನ್ನೆ ಮಾಡಿದರು. ದಾವಲ್‌ಬೀ ಕಡೆ ನೋಡಿದೆ. ರೋಜಾದಲ್ಲಿ ಗಂಟಲು ಒಣಗಿದೆ ಎಂದರು. ಒಂದು ನಿಮಿಷ ಆಗಲೇ ಹೋಗಿತ್ತು.

ನಾನೇ ಹಾಕಿದೆ. ಉಳಿದ ಏಳು ನಿಮಿಷ, ನಾವಿಬ್ಬರೂ, ಎದುರುಬದುರು. ಎರಡು ಸಲ ಅವರು ನಿಲ್ಲಿಸಿ ಬೆರಳಿನಿಂದ ನನ್ನ ಗದ್ದ ಮೇಲೆತ್ತಿ ಸರಿಮಾಡಿದರು. ಆರನೆಯ ನಿಮಿಷಕ್ಕೆ ಬಾಗಿಲಲ್ಲಿ ಅಮರಗುಂಡಪ್ಪನವರು, ಅವರ ಹಿಂದೆ ಕೆಳಗಿನ ಕಿರಾಣಿ ಅಂಗಡಿಯವರು, ಅವರ ಹಿಂದೆ ಬಸ್ಸಿಗೆ ಕಾಯುತ್ತಿದ್ದ ನಾಲ್ಕು ಜನ.

ಅಮರಗುಂಡಪ್ಪನವರು ಹೇಳಿದ್ದು ಇಷ್ಟೇ: "ಕರಾರಿನ್ಯಾಗ ಹಲ್ಲಿನ ದವಾಖಾನಿ ಅಂತ ಬರದೈತ್ರಿ."

ಹಲ್ಲಿನ ಕೆಲಸವೇ ಎಂದು ಅಚ್ಚು ತೆಗೆದು ತೋರಿಸಿದೆ. ಎರಡೂ ಬದಿ ನಾಲಿಗೆ ಹೊಡೆದ ಗುರುತು, ನದಿ ದಂಡೆಯನ್ನು ಕೊರೆದಂತೆ. ಅವರು ಹತ್ತಿರ ಬಂದು ನೋಡಿದರು. ಆಮೇಲೆ ತಾವಾಗಿಯೇ ಕುರ್ಚಿಯಲ್ಲಿ ಕೂತು ತಮ್ಮ ದವಡೆ ಹಲ್ಲು ತೋರಿಸಿದರು. ಅವರಿಗೂ ಕೇಳಿದೆ, ಈ ಹಲ್ಲಿನಿಂದ ಏನು ಮಾಡಬೇಕು ಎಂದು ನಿಮಗೆ ಇಷ್ಟ. ಬಹಳ ಹೊತ್ತು ಯೋಚಿಸಿ, ಹುರಿಗಡಲೆ ಎಂದರು. ಗಿರಣಿಯಲ್ಲಿ ಕೂತಾಗ ತಿನ್ನುತ್ತಿದ್ದರಂತೆ, ನಾಲ್ಕು ವರ್ಷದಿಂದ ಬಿಟ್ಟಿದ್ದಾರೆ, ಯಾರಿಗೂ ಹೇಳಿರಲಿಲ್ಲ.

ಮಾರ್ಚ್ 6, ಶುಕ್ರವಾರ

ಹೊಸ ಸೆಟ್ಟು ಬಂದಿದೆ. ಇಂಥ ವಕ್ರ ಸೆಟ್ಟು ಜೀವನದಲ್ಲಿ ಮಾಡಿಲ್ಲ, ನನ್ನ ಹೆಸರು ಯಾರಿಗೂ ಹೇಳಬೇಡಿ ಎಂದು ಪೀರ್‌ಸಾಬ್ ಫೋನ್ ಮಾಡಿದರು. ಹಾಕಿದರೆ ಗುರುತೇ ಆಗದಂತೆ ಕೂತಿತು. ನೀರುಬಾಲಾಮ್ಮನನ್ನು ಈಗ ನಾನೂ ಮಮತಾಳಂತೆ ಠಾಕುಮಾ, ಅಂದರೆ ಅಜ್ಜಿ, ಎನ್ನುತ್ತೇನೆ. ಠಾಕುಮಾ ಮೆಲ್ಲಗೆ, ಮಗು ಮಲಗಿರುವ ಮನೆಯಲ್ಲಿ ಹಾಕಿದಂತೆ, ಒಂದು ಸಣ್ಣ ಉಲು ಹಾಕಿದರು. ನಿಂತಿತು. ಪೂರ್ತಿ ದನಿಯಲ್ಲಿ ಹಾಕಿ ನೋಡಿ ಎಂದೆ. ಬಾಗಿಲ ಕಡೆ ನೋಡಿ ಬೇಡ ಎಂದರು. ಇನ್ನೊಮ್ಮೆ ಕೇಳಿದೆ. ಸೆಟ್ಟು ತೆಗೆದು ಸೆರಗಿಗೆ ಕಟ್ಟಿಕೊಂಡರು. ಅಮರಗುಂಡಪ್ಪನವರ ಮಡಿಲು ಅವರಿಗೆ ಇನ್ನೂ ಮರೆತಿಲ್ಲ.

ಹಾಗಾಗಿ ಪೂರ್ತಿ ದನಿಗೆ ಇದು ನಿಲ್ಲುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಬುಧವಾರ ಬೆಳಿಗ್ಗೆ ಅರಿಶಿನದ ಶಾಸ್ತ್ರಕ್ಕೆ ನನ್ನನ್ನೂ ದಾವಲ್‌ಬೀಯನ್ನೂ ಕರೆದಿದ್ದಾರೆ.

ಮಾರ್ಚ್ 11, ಬುಧವಾರ

ಕ್ಲಿನಿಕ್ಕಿಗೆ ಬೀಗ ಹಾಕಿ, ದಾವಲ್‌ಬೀ ಜೊತೆ ಆಟೋದಲ್ಲಿ ಎಂಟೂವರೆಗೆ ಕ್ಯಾಂಪು ತಲುಪಿದೆ. ಮನೆಯ ಮುಂದೆ ಶಾಮಿಯಾನ, ನಡುವೆ ಮಣೆಯ ಮೇಲೆ ಮಮತಾ, ಸುತ್ತ ನೂರಕ್ಕಿಂತ ಹೆಚ್ಚು ಜನ. ಒಂದು ಕಡೆ ದೊಡ್ಡ ಸ್ಪೀಕರು, ಅದರ ಪಕ್ಕ ಸೌಂಡ್ ಸಿಸ್ಟಮಿನವನು ಮೊಬೈಲ್ ಹಿಡಿದು ಕೂತಿದ್ದ.

ಮದುಮಗನ ಮನೆ ಮಸ್ಕಿಯಲ್ಲಿ. ಅಲ್ಲಿಂದ ಅರಿಶಿನ, ಸೀರೆ, ಸಿಹಿ ಎಲ್ಲ ತಟ್ಟೆಗಳಲ್ಲಿ ಒಂದು ಟಂಟಂ ಆಟೋದಲ್ಲಿ ಬಂದವು. ಕೊನೆಯದಾಗಿ ಇಳಿದದ್ದು ಶಾಸ್ತ್ರದ ಒಂದು ದೊಡ್ಡ ಮೀನು. ಅದಕ್ಕೆ ಕೆಂಪು ಸೀರೆ ಉಡಿಸಿ, ಮೂಗುತಿ ಇಟ್ಟಿದ್ದರು. ಇಳಿಸುವ ಗಡಿಬಿಡಿಯಲ್ಲಿ ಹರಿಪದ ಅವರು ಹತ್ತಿರ ನಿಂತವನ ಕೈಗೆ ಆ ತಟ್ಟೆ ಕೊಟ್ಟರು. ಹತ್ತಿರ ನಿಂತವನು ನಾನು. ಬೇಡ ಅನ್ನುವಷ್ಟರಲ್ಲಿ ಅವರು ಸಿಹಿಯ ತಟ್ಟೆಗೆ ಹೋಗಿದ್ದರು. ಹಿಡಿದು ನಿಂತೆ. ನಾಲ್ಕು ಕಿಲೋ ಇರಬೇಕು.

ಅರಿಶಿನ ಒಳಗೆ ಬಂತು. ಉಲು ಹಾಕಬೇಕಾದ ಹೊತ್ತು ಇದೇ. ಎಲ್ಲರೂ ಠಾಕುಮಾ ಕಡೆ ತಿರುಗಿದರು. ಅವರು ಹೊಸ ಬಿಳಿ ಸೀರೆ ಉಟ್ಟು, ಕೆಂಪು ಅಂಚು ತಲೆಯ ಮೇಲೆ ಹೊದ್ದು ಮೊಮ್ಮಗಳ ಪಕ್ಕದಲ್ಲಿ ನಿಂತಿದ್ದರು. ಬಾಯಿ ತೆರೆದರು. ಮುಚ್ಚಿದರು. ಕೈ ತುಟಿಯ ಮೇಲೆ ಹೋಯಿತು. ಇನ್ನೊಮ್ಮೆ ತೆರೆದರು, ಮತ್ತೆ ಕೈ ಹೋಯಿತು. ನನ್ನ ಕಡೆ ನೋಡಿದರು. ಅವರ ಕಣ್ಣಿನಲ್ಲಿ ಅಂಥ ಹೆದರಿಕೆಯನ್ನು ನಾನು ಯಾವ ಹಲ್ಲು ಕೀಳುವಾಗಲೂ ನೋಡಿಲ್ಲ.

ಮಮತಾ ತಲೆ ತಗ್ಗಿಸಿದಳು. ಸೌಂಡ್ ಸಿಸ್ಟಮಿನವನು ಮೊಬೈಲ್ ಎತ್ತಿದ, ಅವನ ಹೆಬ್ಬೆರಳು ಪರದೆಯ ಕಡೆ ಹೋಗುತ್ತಿರುವುದನ್ನು ನಾನು ನೋಡಿದೆ.

ಆಮೇಲೆ ಆದದ್ದನ್ನು ಯೋಚಿಸಿ ಮಾಡಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಸೀರೆ ಉಟ್ಟ ಮೀನನ್ನು ಎದೆಗೆ ಅವಚಿಕೊಂಡು ನಾನು ಉಲು ಹಾಕಿದೆ. ಒಬ್ಬನೇ. ಪೂರ್ತಿ ದನಿಯಲ್ಲಿ.

ಟಂಟಂ ಹತ್ತಿರದ ನಾಯಿ ಎದ್ದು ಹೋಯಿತು. ಸೌಂಡ್ ಸಿಸ್ಟಮಿನವನ ಹೆಬ್ಬೆರಳು ಗಾಳಿಯಲ್ಲೇ ನಿಂತಿತು. ಜನ ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು. ಉಸಿರು ಮುಗಿದು ನಾನು ನಿಲ್ಲಿಸಿದೆ.

ಠಾಕುಮಾ ತುಟಿಯಿಂದ ಕೈ ತೆಗೆದರು.

"ಗಂಡಸ್ರು ಉಲು ಹಾಕಂಗಿಲ್ಲ ಡಾಕ್ಟರ್‌ಬಾಬು" ಎಂದರು. "ಹಾಕಿದ್ರೂ ಇಷ್ಟು ಕೆಟ್ಟ ಹಾಕಬಾರ್ದು."

ಮೊದಲು ನಕ್ಕವಳು ಮಮತಾ. ಠಾಕುಮಾ ಕೂಡ ನಗುತ್ತಿದ್ದರು, ನಗುತ್ತಲೇ ಉಸಿರು ಎಳೆದುಕೊಂಡರು. ಹೇಗೆ ಹಾಕಬೇಕು ಎಂದು ನನಗೆ ತೋರಿಸಿಕೊಡುವವರಂತೆ ಗದ್ದ ಮೇಲೆತ್ತಿದರು.

ಆ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕ್ಲಿನಿಕ್ಕಿನಲ್ಲಿ ಕೇಳಿದ್ದು ಅದರ ಚೂರು ಮಾತ್ರ. ಒಂದೇ ಉಸಿರಿನಲ್ಲಿ ಅದು ಮೇಲೆ ಹೋಗಿ ಅಲ್ಲಿಯೇ ನಿಂತಿತು. ಆ ಉಸಿರು ಮುಗಿಯುವ ಮೊದಲೇ ಪಕ್ಕದ ಹೆಂಗಸರು ಎತ್ತಿಕೊಂಡರು, ಅವರಿಂದ ಹಿಂದಿನ ಸಾಲು, ಅಲ್ಲಿಂದ ಅಡುಗೆಯ ಒಲೆಗಳ ಹತ್ತಿರ ಇದ್ದವರು, ಬೀದಿಯಾಚೆ ಯಾರದೋ ಮಾಳಿಗೆಯಲ್ಲಿ ಭತ್ತ ಹರವುತ್ತಿದ್ದವಳು ಕೂಡ ಕೆಲಸ ಬಿಟ್ಟು ನಿಂತು ಹಾಕಿದಳು. ಕೊನೆಯ ಸುತ್ತಿಗೆ ನನ್ನ ಪಕ್ಕದಲ್ಲೂ ಒಂದು ಸಣ್ಣ ದನಿ ಕೇಳಿಸಿತು. ತಿರುಗಿ ನೋಡಿದರೆ ದಾವಲ್‌ಬೀ, ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು.

ಮೀನನ್ನು ಯಾರೋ ನನ್ನ ಕೈಯಿಂದ ಇಸಿದುಕೊಂಡರು. ಯಾವಾಗ ಎಂದು ಗೊತ್ತಿಲ್ಲ. ಅಂಗಿಗೆಲ್ಲ ಅರಿಶಿನ ಆಗಿತ್ತು. ಮರಳಿ ಬರುವಾಗ ಆಟೋದಲ್ಲಿ ದಾವಲ್‌ಬೀ, ತಮ್ಮ ಇಫ್ತಾರಿಗೆಂದು ಮದುವೆ ಮನೆಯವರು ಕಟ್ಟಿಕೊಟ್ಟ ಸಿಹಿಯ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಕೆಳಗಿನ ಸೆಟ್ಟು ಏನಾದರೂ ಅಲುಗಿತೇ ಎಂದು ಕೇಳಿದರು.

ಗೊತ್ತಿಲ್ಲ ಎಂದೆ. ಅಷ್ಟು ಹೊತ್ತೂ ಠಾಕುಮಾ ಮುಖವನ್ನೇ ನೋಡುತ್ತಿದ್ದೆ. ಹಲ್ಲಿನ ಕಡೆ ನೋಡುವುದು ಮರೆತೇಹೋಗಿತ್ತು.